ಸೂಕ್ರ ಅಂದರೆ

ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಗುಡ್ಡದ ಕಾಲುದಾರಿಯಲ್ಲಿ ಸವಿತಾ ಆಡು ಮೇಯಿಸುತ್ತಿದ್ದಾಗ ಹೆಂಗಸೊಬ್ಬಳ ಚೀರಾಟ ಕೇಳಿಸಿತು. ಓಡಿಹೋಗಿ ನೋಡಿದಳು. ಬಂಡೆಗೆ ಒರಗಿ ಬಿಳಿತಲೆಯ ಪರದೇಶದ ಮುದುಕನೊಬ್ಬ ವಾಲಿಕೊಂಡಿದ್ದ. ಅವನ ಹೆಂಡತಿ ಮೇಲಕ್ಕೆ ಕೈ ತೋರಿಸುತ್ತ ಅಳುತ್ತಿದ್ದಳು. ಯಾರೂ ಹತ್ತಲಾಗದ ಕಡಿದಾದ ಬಂಡೆಯ ತುದಿಯಲ್ಲಿ ಮಂಗವೊಂದು ಅವರ ಚೀಲ ಹರಿದು ಬಿಸ್ಕೀಟು ತಿನ್ನುತ್ತಿತ್ತು.

"ಸೂಕ್ರ! ಸೂಕ್ರ!" ಎಂದಳು ಆಕೆ.

ಅದು ಗಂಡನ ಹೆಸರಿರಬೇಕು ಅಂದುಕೊಂಡಳು ಸವಿತಾ. ಅವನ ಗಲ್ಲ ತಟ್ಟಿ ಕೂಗಿದಳು: "ಸೂಕ್ರ, ಏಳ್ರಿ! ಕಣ್ ತಗೀರಿ ಸೂಕ್ರ!"

ಹೆಂಡತಿ ಅಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದಳು. ಆಕೆಗೆ ಇಂಗ್ಲಿಷ್ ಬರುತ್ತಿತ್ತೋ ಏನೋ, ಆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಬರೀ ತನ್ನ ಫ್ರೆಂಚ್ ಮಾತು. ಸವಿತಾ ನೀರು ಕುಡಿಸಲು ನೋಡಿದಳು. ನೀರು ತುಟಿಯಿಂದ ಹೊರಗೇ ಸುರಿಯಿತು. ಮೊಬೈಲು ತೆಗೆದರೆ ಸಿಗ್ನಲ್ ಇಲ್ಲ. ಅವನ ಕೈ ಹಿಡಿದಳು. ತಣ್ಣಗಿತ್ತು, ನಡುಗುತ್ತಿತ್ತು. ಅಂಗಿಯೆಲ್ಲ ಬೆವರು.

ಆ ಬೆವರನ್ನು ಆಕೆ ಬಲ್ಲಳು. ನಾಲ್ಕು ವರ್ಷದ ಹಿಂದೆ ಅಪ್ಪ ಮಾಳಪ್ಪ ಹೊಲದಲ್ಲಿ ಹೀಗೇ ಬಿದ್ದಿದ್ದ. ಶುಗರಿನ ಗುಳಿಗಿ ನುಂಗಿದ್ದ, ಉಂಡಿರಲಿಲ್ಲ. ಇವಳು ಗಾಳಿ ಬೀಸುತ್ತ ಗಾಡಿ ಕಾಯುತ್ತ ಕುಳಿತಿದ್ದಳು. "ಒಂದೀಟು ಸಕ್ರಿ ಬಾಯಾಗ ಹಾಕಬೇಕಿತ್ತವಾ" ಎಂದು ದವಾಖಾನಿಯಲ್ಲಿ ಡಾಕ್ಟರು ಅಂದಾಗ ಎಲ್ಲ ಮುಗಿದಿತ್ತು.

ಸೂಕ್ರ. ಸಕ್ರಿ.

"ಸಕ್ರಿ ಏನ್ರಿ? ಚಾಕ್ಕ ಹಾಕೋದು?" ಬೆರಳು ತಿರುವಿ, ನಾಲಿಗೆಗೆ ಹಚ್ಚಿ ತೋರಿಸಿದಳು.

"ವೀ! ವೀ!" ಆಕೆ ಹೌದು ಹೌದೆಂಬಂತೆ ಸವಿತಾಳ ರಟ್ಟೆ ಹಿಡಿದು ಅಲುಗಿಸಿದಳು.

ಸವಿತಾ ಓಡಿದಳು. ಹತ್ತಿರದ ಮನೆಯೆಂದರೆ ಗುಡ್ಡದ ಬುಡದಲ್ಲಿದ್ದ ಶಮಶಾದಬಿಯದು. ಅರ್ಧ ದಾರಿಗೆ ಚಪ್ಪಲಿ ಕಿತ್ತಿತು, ಅಲ್ಲೇ ಬಿಟ್ಟಳು.

"ಶಮಶಾದಬೀ, ಸಕ್ರಿ ಕೊಡ ಬೇ, ಲಗೂ! ಮ್ಯಾಲೆ ಒಬ್ರು ಸಾಯಾಕತ್ತಾರ! ಆಂಬುಲೆನ್ಸಿಗೆ ಫೋನ್ ಹಚ್ಚು!"

ಅಂಗಳದಲ್ಲಿ ಭಾಂಡೆ ತಿಕ್ಕುತ್ತಿದ್ದ ಶಮಶಾದಬಿ ಒಂದು ಮಾತೂ ಕೇಳದೆ ಡಬ್ಬಿಯನ್ನೇ ತಂದುಕೊಟ್ಟು ಫೋನಿಗೆ ಕೈ ಹಾಕಿದಳು.

ಏರು ಮುಗಿಯಲೊಲ್ಲದು. ಎದೆ ಒಡೆದುಹೋಗುವಂತಿತ್ತು. "ಬೀರಪ್ಪಾ, ಈ ಸಲ ತಡಾ ಮಾಡಿಸಬ್ಯಾಡೋ" ಎಂದು ಮನೆದೇವರನ್ನು ನೆನೆದು ಗೊಣಗುತ್ತ ಹತ್ತಿದಳು.

ಮೇಲೆ ಬಂದಾಗ ಅಳು ಕೇಳಿಸಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಹಲ್ಲು ಕಚ್ಚಿದ್ದವು. ಸವಿತಾ ಬೆರಳು ಒದ್ದೆಮಾಡಿ, ಸಕ್ಕರೆಯಲ್ಲಿ ಅದ್ದಿ, ಗಲ್ಲದೊಳಗೆ ತೂರಿಸಿ ಒಸಡಿಗೆ ತಿಕ್ಕಿದಳು. ಮತ್ತೆ ಅದ್ದಿದಳು, ಮತ್ತೆ ತಿಕ್ಕಿದಳು. ಏನೂ ಆಗಲಿಲ್ಲ.

"ನುಂಗ್ರಿ. ನುಂಗ ಯಪ್ಪಾ, ನುಂಗ!"

ಎಷ್ಟು ಹೊತ್ತಾಯಿತೋ. ಗಂಟಲು ಒಮ್ಮೆ ಅಲುಗಿತು. ಆಮೇಲೆ ಬೆರಳು. ಕಣ್ಣು ನಿಧಾನ ಕೆಳಗಿಳಿದು ಸವಿತಾಳ ಮುಖದ ಮೇಲೆ ನಿಂತವು.

ಆಂಬುಲೆನ್ಸಿನವರು ಸ್ಟ್ರೆಚರ್ ಹೊತ್ತು ಬರುವ ಹೊತ್ತಿಗೆ ಅವನು ಎದ್ದು ಕುಳಿತು ಹೆಂಡತಿಯ ಕೈ ಹಿಡಿದಿದ್ದ. ಹೊರಡುವಾಗ ಆಕೆ ಸವಿತಾಳ ಅಂಗೈಗೆ ಅಂಟಿದ್ದ ಹರಳು ಮುಟ್ಟಿ, ಮಗುವಿಗೆ ಕಲಿಸುವಂತೆ ಬಿಡಿಸಿ ಹೇಳಿದಳು: "ಸೂ...ಕ್ರ."

"ಸೂಕ್ರ," ಎಂದಳು ಸವಿತಾ. "ನಾವು ಸಕ್ರಿ ಅಂತೇವ್ರಿ."

"ಸಾಕ್ರೀ," ಎಂದಳು ಆಕೆ, ಕಣ್ಣೊರೆಸಿಕೊಳ್ಳುತ್ತ.

ಅವರು ಇಳಿದುಹೋದ ಮೇಲೆ ಸವಿತಾ ಡಬ್ಬಿ ಎತ್ತಿಕೊಂಡಳು. ಮುಚ್ಚುವ ಮೊದಲು ಒಂದು ಚಿಟಿಕೆ ಸಕ್ಕರೆ ತೆಗೆದು ಅಪ್ಪನ ಹೆಸರಿನಲ್ಲಿ ಬಂಡೆಯ ಮೇಲಿಟ್ಟಳು.