ಲೋಟದ ತಳದ ಪುಡಿ

ಕುವೈತ್‌ನಿಂದ ಮಾಮು ಕಳಿಸಿದ್ದ ಡಬ್ಬಿಯ ಪುಡಿ ನೀರಿನಲ್ಲಿ ಕರಗುತ್ತಿರಲಿಲ್ಲ. ಮರಳಿನಂತೆ ತಳ ಹಿಡಿಯುತ್ತಿತ್ತು. ಮುಸರ್ರತ್ ಅದನ್ನು ಶರಬತ್ತಿನಲ್ಲಿ ಕಲಕಿ ಅಬ್ಬಾಗೆ ಕೊಡುತ್ತಿದ್ದಳು.

“ಯಶವಂತಪುರದ ಸಾಮಿಲ್‌ನಲ್ಲಿ ದಿನಾ ನುಂಗೋದು ಸಾಲ್ದು ಅಂತ ಮನೇಲೂ ಮರದ ಪುಡಿ ಕುಡಿಸ್ತೀಯಲ್ಲ ಬೇಟಿ,” ಎಂದು ವಹಾಬ್ ಮುಖ ಸಿಂಡರಿಸುತ್ತಿದ್ದರು.

ಅವರ ರಕ್ತದಲ್ಲಿ ಕೊಲೆಸ್ಟ್ರಾಲ್ ವಿಪರೀತ. ಒಮ್ಮೆ ಎದೆನೋವೂ ಬಂದುಹೋಗಿತ್ತು; ಎದೆಬಡಿತ ಹತೋಟಿಯಲ್ಲಿಡಲು ದಿನಕ್ಕೊಂದು ಮಾತ್ರೆಯೂ ಇತ್ತು. ಡಾಕ್ಟರು ಬಿಡಿಸಿ ಹೇಳಿದ್ದರು: ಪಿತ್ತಜನಕಾಂಗ ಕೊಲೆಸ್ಟ್ರಾಲಿನಿಂದಲೇ ಪಿತ್ತ ಮಾಡುತ್ತದೆ. ಕರುಳಿಗಿಳಿದ ಪಿತ್ತ ಮತ್ತೆ ಪಿತ್ತಜನಕಾಂಗಕ್ಕೇ ಮರಳುತ್ತದೆ. ತಾವು ಬರೆದುಕೊಟ್ಟ ಈ ಪುಡಿ ಅದನ್ನು ಹಿಡಿದು ಹೊರಗೆ ಒಯ್ದರೆ, ಹೊಸ ಪಿತ್ತಕ್ಕೆಂದು ಪಿತ್ತಜನಕಾಂಗ ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. “ಎದೆಬಡಿತದ ಮಾತ್ರೆ ಮಾತ್ರ ಪುಡಿಗಿಂತ ಒಂದು ಗಂಟೆ ಮುಂಚೆ,” ಎಂದಿದ್ದರು. ಯಾಕೆ ಎಂಬ ಪ್ರಶ್ನೆ ಬಿ.ಎಸ್ಸಿ. ಮುಗಿಸಿದ್ದ ಮುಸರ್ರತ್‌ಳ ನಾಲಿಗೆಯ ತುದಿವರೆಗೂ ಬಂದು, ಸಂಕೋಚದಿಂದ ಅಲ್ಲೇ ನಿಂತಿತು.

ರಂಜಾನ್ ಬಂತು. ಮೊದಲ ದಿನವೇ ವಹಾಬ್, ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಮಾತ್ರೆ, ಪುಡಿ ಎರಡನ್ನೂ ಒಟ್ಟಿಗೆ ಕೇಳಿದರು.

“ಅಬ್ಬಾ, ಮಾತ್ರೆ ಒಂದು ಗಂಟೆ ಮೊದ್ಲು...”

“ಒಂದು ಗಂಟೆ ಮೊದ್ಲು ರೋಜಾ ಇರತ್ತಲ್ಲಮ್ಮ. ಆಮೇಲೆ ಪುಡಿ ಕುಡಿಯೋಣ ಅಂದ್ರೆ ನಮಾಜು, ಊಟ, ಮತ್ತೆ ಮಸೀದಿ. ಮರ್ತುಬಿಡ್ತೀನಿ. ಎರಡೂ ಹೋಗೋದು ಒಂದೇ ಹೊಟ್ಟೆಗಲ್ವಾ?”

ಅವಳು ವಾದಿಸಲಿಲ್ಲ. ಆರ್.ಟಿ. ನಗರದ ಮಸೀದಿಯಿಂದ ಅಜಾನ್ ಕೇಳಿದೊಡನೆ ಒಂದು ಖರ್ಜೂರ, ಒಂದು ಮಾತ್ರೆ, ಅದರ ಮೇಲೆ ಶರಬತ್ತು. ತಳದಲ್ಲಿ ಉಳಿದ ಪುಡಿಗೆ ಇಷ್ಟು ನೀರು ಹಾಕಿ ತಿರುಗಿಸಿ, ಒಂದು ಕಾಳೂ ಬಿಡದಂತೆ ಕುಡಿಸುತ್ತಿದ್ದಳು.

ಹತ್ತೊಂಬತ್ತನೆಯ ರೋಜಾದ ಮಧ್ಯಾಹ್ನ ಸಾಮಿಲ್‌ನವರು ವಹಾಬರನ್ನು ಆಟೋದಲ್ಲಿ ಆಸ್ಪತ್ರೆಗೆ ತಂದರು. ಎದೆಬಡಿತ ಹಳಿ ತಪ್ಪಿತ್ತು. ಸಂಜೆಯಾಗುವಷ್ಟರಲ್ಲಿ ನಿಂತೇಹೋಯಿತು.

“ಮಾತ್ರೆ ಸರಿಯಾಗಿ ತಗೋತಿದ್ರೇನಮ್ಮ?” ಡಾಕ್ಟರು ಕೇಳಿದರು.

“ದಿನಾ ತಗೋತಿದ್ರು. ಪುಡಿ ಜೊತೆಗೇ.”

ಅವರು ಕನ್ನಡಕ ತೆಗೆದರು. “ಜೊತೆಗಾ? ಆ ಪುಡಿ ಪಿತ್ತ ಒಂದನ್ನೇ ಹಿಡಿಯಲ್ಲಮ್ಮ. ಮಾತ್ರೇನೂ ಹಿಡ್ಕೊಂಡು ಹೋಗ್ಬಿಡತ್ತೆ. ಇದರಿಂದ್ಲೇ ಆಯ್ತು ಅಂತ ಹೇಳೋಕಾಗಲ್ಲ, ಆದ್ರೂ...”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಮುಂದೇನೆಂದು ಈ ಸಲವೂ ಅವಳು ಕೇಳಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯ ಕುಬ್ರಾ ಖಾಲಾ ಬಂದು ಕೂತಾಗ ಅಮ್ಮಿ ಹೇಳಿದಳು, “ಲೋಟ ತೊಳೆದು ತೊಳೆದು ಕುಡಿಸ್ತಿದ್ಲು ನನ್ ಮಗಳು. ಒಂದ್ ಕಾಳೂ ಬಿಡ್ತಿರ್ಲಿಲ್ಲ. ಅವರ ಸೇವೇಲಿ ಇವಳು ಏನೂ ಕಮ್ಮಿ ಮಾಡ್ಲಿಲ್ಲ.”

ಖಾಲಾ ಮುಸರ್ರತ್‌ಳ ತಲೆ ಸವರಿದರು. ಅವಳು ಬಾಯಿ ತೆರೆದಳು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಅಮ್ಮಿಯ ಮುಖ ಸ್ವಲ್ಪ ಸಡಿಲವಾಗಿತ್ತು. ಬಾಯಿ ಮುಚ್ಚಿಕೊಂಡಳು.

ಅಜಾನ್ ಕೇಳಿಸಿತು. ಇಬ್ಬರಿಗೂ ಶರಬತ್ತು ಕೊಟ್ಟು ತಾನೂ ಕುಡಿದಳು. ಆಮೇಲೆ ಲೋಟಕ್ಕೆ ಇಷ್ಟು ನೀರು ಹಾಕಿ ತಿರುಗಿಸಿ, ತಳದಲ್ಲಿ ಏನೂ ಇಲ್ಲದಿದ್ದರೂ, ಕೊನೆಯ ಹನಿಯವರೆಗೂ ಕುಡಿದಳು.