ಗೋಡೆಯೊಳಗಿನ ಗೋಣಿಚೀಲ

ನಾನು ಒಂದು ಈಜುಕೊಳ. ನನ್ನ ಹುಟ್ಟೂರು ಮಡಿಕೇರಿಯಿಂದಾಚೆಯ ಒಂದು ಗುಡ್ಡ. ಡಿಸೆಂಬರಿನಲ್ಲಿ ಅಲ್ಲಿನ ಜನ ಮುಖ ತೊಳೆಯಲು ಕೂಡ ಹಿಂದೆಮುಂದೆ ನೋಡುತ್ತಾರೆ. ಇಂಥ ಜಾಗದಲ್ಲಿ ಈಜುಕೊಳ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಊರೂ ಅದನ್ನೇ ಕೇಳಿತು. ಅನುಮಾನದ ನಡುವೆ ಹುಟ್ಟಿದ್ದರಿಂದಲೋ ಏನೋ, ಆ ಗುಣ ನನಗೂ ಅಂಟಿಕೊಂಡಿತು.

ನನ್ನ ಯಜಮಾನಿ ಬೊಳ್ಳವ್ವ ಟೀಚರ್, ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಹಿಂದೊಮ್ಮೆ ಅವರು ಪಿಕ್‌ನಿಕ್ಕಿಗೆ ಕರೆದುಕೊಂಡು ಹೋಗಿದ್ದ ಹುಡುಗಿಯೊಬ್ಬಳು ಹೊಳೆಗೆ ಜಾರಿದ್ದಳು. ದಡದಲ್ಲಿ ನಲವತ್ತು ಜನರಿದ್ದರು. ಈಜು ಬರುವವರು ಒಬ್ಬರೂ ಇರಲಿಲ್ಲ. ಅಂದಿನಿಂದ ಟೀಚರಿಗೆ ಒಂದೇ ಹಟ. ಬೆಚ್ಚನೆಯ ನೀರಿನ ಕೊಳ ಕಟ್ಟಿಸಬೇಕು, ಊರಿನ ಹುಡುಗಿಯರಿಗೆಲ್ಲ ಈಜು ಕಲಿಸಬೇಕು.

ಕಟ್ಟಲು ಬಂದವನು ಪಿರಿಯಾಪಟ್ಟಣದ ಕಡೆಯ ಗಾರೆ ಮೇಸ್ತ್ರಿ ಚಿಕ್ಕಮಾದ. ಲಾರಿಯಿಂದ ಥರ್ಮಾಕೋಲಿನ ದಪ್ಪ ದಪ್ಪ ಟೊಳ್ಳು ಇಟ್ಟಿಗೆಗಳು ಇಳಿದಾಗ ಅವನು ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಮೂಸಿ ಕೂಡ ನೋಡಿದ. ಮದುವೆ ಮಂಟಪದಲ್ಲಿ ಗಂಡುಹೆಣ್ಣಿನ ಹೆಸರು ಕೊರೆದು ಹಚ್ಚುವ ಸಾಮಾನಿನಲ್ಲಿ ಗೋಡೆ ಕಟ್ಟುವುದುಂಟೇ ಎಂದು ಅವನಿಗೆ ಸಂಶಯ. ಟೀಚರ್ ಕಾಗದ ಹರಡಿ ವಿವರಿಸಿದರು. ಇಟ್ಟಿಗೆ ಜೋಡಿಸಿ, ಟೊಳ್ಳಿನೊಳಗೆ ಕಂಬಿ ಇಳಿಸಿ, ಕಾಂಕ್ರೀಟ್ ಸುರಿಯಬೇಕು. ಒಳಗೂ ಹೊರಗೂ ಥರ್ಮಾಕೋಲ್ ಹಾಗೇ ಉಳಿಯುತ್ತದೆ, ಫ್ಲಾಸ್ಕಿನ ಹಾಗೆ ಬಿಸಿ ಹಿಡಿದಿಡುತ್ತದೆ. ಮಾದ ತಲೆಯಾಡಿಸಿದ. ಒಪ್ಪಿದ್ದಕ್ಕೋ ಒಪ್ಪದ್ದಕ್ಕೋ ಗೊತ್ತಾಗಲಿಲ್ಲ.

ಕಾಂಕ್ರೀಟ್ ಸುರಿದ ದಿನ ನಡೆದದ್ದೇ ಮುಂದಿನ ರಾಮಾಯಣಕ್ಕೆಲ್ಲ ಮೂಲ. ಕಣಿವೆಯ ಕಡೆಯ ಗೋಡೆ ನೆಲದಿಂದ ಮೇಲೆದ್ದು ನಿಂತಿದೆ. ಅಲ್ಲಿ ಒಂದು ಇಟ್ಟಿಗೆ ಭಾರ ತಾಳದೆ ಉಬ್ಬಿ ಬಿರಿಯಿತು. ಮಾದ ಓಡಿ ಹೋಗಿ ಬೆನ್ನು ಕೊಟ್ಟು ನಿಂತ. ಹಲಗೆ ತನ್ನಿ, ಗೋಣಿಚೀಲ ತನ್ನಿ ಎಂದು ಕೂಗಿದ. ಆಳುಗಳು ಚೀಲಗಳನ್ನು ಹೊತ್ತು ಓಡಿದರು. ಅಷ್ಟರಲ್ಲಿ ಮಂಜು ಕವಿದು ಎದುರಿನವರ ಮೂಗು ಕೂಡ ಕಾಣದಂತಾಯಿತು. ಚೀಲಗಳು ಹೋದದ್ದನ್ನು ಎಲ್ಲರೂ ಕಂಡರು. ತಿರುಗಿ ಬಂದದ್ದನ್ನು ಯಾರೂ ಕಾಣಲಿಲ್ಲ.

ನನ್ನ ಗೋಡೆ ನನಗೇ ಗೊತ್ತಿರಬೇಕಲ್ಲವೇ ಎನ್ನಬೇಡಿ. ನಿಮ್ಮ ಹೊಟ್ಟೆಯೊಳಗೆ ಏನಿದೆ ಎಂದು ನಿಮಗೆ ಗೊತ್ತೇ? ಆ ಮಗ್ಗುಲಿನಲ್ಲಿ ಏನೋ ಒತ್ತಿದಂತೆ ನನಗೆ ಅನಿಸುತ್ತಲೇ ಇತ್ತು.

ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಹತ್ತು ಗಂಟೆಗೆ ಹುಡುಗಿಯರು ಬರುತ್ತಿದ್ದರು, ಟೀಚರ್ ಸೀಟಿ ಊದುತ್ತಿದ್ದರು, ನೀರು ಬೆಚ್ಚಗಿರುತ್ತಿತ್ತು. ಸಂಜೆ ನನ್ನ ಮೇಲೆ ಕಂಬಳಿಯಂಥ ದಪ್ಪ ಹೊದಿಕೆ ಎಳೆಯುತ್ತಿದ್ದರು. ಎರಡನೆಯ ಚಳಿಗಾಲ ಶುರುವಾದದ್ದೇ ತಡ, ನೀರು ದಿನಕ್ಕೊಂದು ಬೆರಳು ಇಳಿಯತೊಡಗಿತು. ಬಾಯ್ಲರ್ ಉಸಿರು ಬಿಡದೆ ಉರಿದರೂ ಬೆಳಗಿನ ನೀರು ತಣ್ಣಗೆ ಕೊರೆಯುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ನೆಗಡಿ, ಜ್ವರ ಎಂದು ಮನೆಯಲ್ಲೇ ಉಳಿದರು.

ತೋಟ ನೋಡಿಕೊಳ್ಳುತ್ತಿದ್ದ ಟೀಚರ ತಮ್ಮ ಉತ್ತಯ್ಯ ಮೊದಲು ಬಾಯಿ ಬಿಟ್ಟರು. ಮಾದ ಗೋಡೆಯೊಳಗೆ ಗೋಣಿ ತುರುಕಿದ್ದಾನೆ, ಅದು ಕೊಳೆತು ನೀರು ಸೋರುತ್ತಿದೆ ಎಂದರು. ಟೀಚರಿಗೂ ಹೌದೆನಿಸಿತು. ನನಗಂತೂ ಯಾವತ್ತೋ ಹೌದೆನಿಸಿತ್ತು. ಟೀಚರ್ ಸುಮ್ಮನಿರಲಿಲ್ಲ. ಮನೆ ಕಟ್ಟಿಸುತ್ತಿದ್ದ ಪರಿಚಯದವರಿಗೆಲ್ಲ ಈ ಮೇಸ್ತ್ರಿಯ ಬಗ್ಗೆ ಎಚ್ಚರ ಹೇಳಿದರು. ಹದಿನೈದು ದಿನದಲ್ಲಿ ಮಾದ ಹಿಡಿದಿದ್ದ ಎರಡು ಮನೆಗಳ ಕೆಲಸ ಕೈತಪ್ಪಿತು. ಚಹಾ ಅಂಗಡಿಯಲ್ಲಿ ಅವನಿಗೆ ಗೋಣಿ ಮೇಸ್ತ್ರಿ ಎಂದು ಹೆಸರೇ ಬಿತ್ತು.

ಒಂದು ಮಧ್ಯಾಹ್ನ ಅವನು ಉಳಿ, ಸುತ್ತಿಗೆ, ಒಂದು ಬಕೆಟ್ ಹಿಡಿದು ಬಂದು ನಿಂತ. ಮಾಡಿದ್ದನ್ನು ಮುಚ್ಚಿಹಾಕಲು ಬಂದಿದ್ದಾನೆ ಎಂದೇ ಎಣಿಸಿದೆ.

"ನೀನೇ ಹೇಳು ಮಾದ, ಸೋರದಿದ್ರೆ ನೀರು ಎಲ್ಲಿಗೆ ಹೋಗ್ತದೆ? ಗೋಡೆ ಒಡೆದು ತೋರಿಸು," ಎಂದರು ಟೀಚರ್.

"ಮೂರ್ ದಿನ ಟೇಮ್ ಕೊಡಿ ಟೀಚರೇ," ಎಂದ ಮಾದ. "ಆಮ್ಯಾಕೆ ನೀವ್ ಏಳ್ದಂಗೆ ಗ್ವಾಡೆ ಒಡೀತೀನಿ."

ಬಕೆಟ್ಟಿಗೆ ನನ್ನದೇ ನೀರು ತುಂಬಿ, ನನ್ನ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟ. ಬಕೆಟ್ಟಿನ ಒಳಗಿನ ನೀರಿಗೆ ಒಂದು ಗೆರೆ, ಹೊರಗಿನ ನೀರಿಗೆ ಒಂದು ಗೆರೆ ಎಳೆದ. ಗೋಡೆ ಸೋರುತ್ತಿದ್ದರೆ ನನ್ನ ನೀರು ಬಕೆಟ್ಟಿನ ನೀರಿಗಿಂತ ಹೆಚ್ಚು ಇಳಿಯಬೇಕು. ಏಕೆಂದರೆ ಬಕೆಟ್ ಸೋರುವುದಿಲ್ಲ. ಮೂರು ದಿನವೂ ಅವನು ಪಕ್ಕದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾ ಕಾದ.

ನಾಲ್ಕನೆಯ ಬೆಳಿಗ್ಗೆ ಟೀಚರ್ ಬಗ್ಗಿ ನೋಡಿದರು. ಎರಡು ನೀರೂ ಒಂದೇ ಸಮ ಇಳಿದಿದ್ದವು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ನೀರು ಸೋರಿಲ್ಲ ಕನವ್ವ, ಆವಿಯಾಗೈತೆ," ಎಂದ ಮಾದ ಕಾಫಿ ಕಣದ ಕಡೆ ಕೈ ತೋರಿಸಿದ. "ಅಲ್ನೋಡಿ."

ಕಣದಲ್ಲಿ ಕಾಫಿ ರಾಶಿಯ ಮೇಲೆ ನನ್ನ ಹೊದಿಕೆ ಬೆಚ್ಚಗೆ ಮಲಗಿತ್ತು. ಒಣಗುವ ಕಾಫಿಯನ್ನು ಸಂಜೆ ರಾಶಿ ಮಾಡಿ, ಇಬ್ಬನಿ ಬೀಳದಂತೆ ಮುಚ್ಚುವುದು ಇಲ್ಲಿನ ಪದ್ಧತಿ. ಆ ವರ್ಷ ಫಸಲು ಹೆಚ್ಚು, ಟಾರ್ಪಾಲು ಸಾಲದು. ಮನೆಯಲ್ಲಿ ಇದ್ದದ್ದನ್ನೆಲ್ಲ ಹಾಕಿ ಮುಚ್ಚು ಎಂದು ತಮ್ಮನಿಗೆ ಹೇಳಿದವರು ಸ್ವತಃ ಟೀಚರೇ. ಕತ್ತಲಾಗುತ್ತಲೇ ಆಳುಗಳು ನನ್ನ ಹೊದಿಕೆ ಎಳೆದೊಯ್ಯುತ್ತಿದ್ದರು, ಬೆಳಿಗ್ಗೆ ಹತ್ತು ಗಂಟೆಯೊಳಗೆ ತಂದು ಹಾಕುತ್ತಿದ್ದರು. ಒಲೆಯ ಮುಂದೆ ಕೂತಿರುತ್ತಿದ್ದ ಟೀಚರಿಗೆ ಇದು ತಿಳಿಯಲೇ ಇಲ್ಲ. ಉತ್ತಯ್ಯ ಅದನ್ನು ಮುಚ್ಚಿಟ್ಟವರೂ ಅಲ್ಲ. ಕೊಡಗಿನಲ್ಲಿ ಕಾಫಿಗೆ ಹೊದಿಸಿದ ಮೇಲೆ ಉಳಿದರೆ ತಾನೇ ಬೇರೆಯವರಿಗೆ?

ನನಗೆ ಗೊತ್ತಿತ್ತು. ಬರಿಮೈಯಲ್ಲಿ ಆವಿ ಬಿಡುತ್ತಾ ಬಿದ್ದಿರುತ್ತಿದ್ದವ ನಾನೇ ಅಲ್ಲವೇ? ಆದರೂ ಹೊದಿಕೆ ಹೊತ್ತೊಯ್ದವರ ಮೇಲೆ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಅದೆಲ್ಲ ಮಾದನ ಪಾಲಿಗೇ ಖರ್ಚಾಗಿತ್ತು.

ಟೀಚರ್ ಸಣ್ಣ ದನಿಯಲ್ಲಿ ತಪ್ಪಾಯಿತು ಎಂದರು, ಗೋಡೆ ಮುಟ್ಟುವುದು ಬೇಡ ಎಂದರು. ಮಾದ ಒಪ್ಪಲಿಲ್ಲ.

"ಸೋರಾಕಿಲ್ಲ ಅಂತ ನಿಮ್ಗೆ ಗೊತ್ತಾಯ್ತು. ಒಳಗೆ ಗೋಣಿ ಇಲ್ಲ ಅಂತ ಊರಿಗೆ ಗೊತ್ತಾಗ್ಬೇಕಲ್ಲ?"

ಚಹಾ ಅಂಗಡಿಯವರನ್ನೂ ಕರೆಸಿ, ಎಲ್ಲರೆದುರು ಕಣಿವೆಯ ಗೋಡೆಯ ಥರ್ಮಾಕೋಲ್ ಕೊಯ್ದು ಉಳಿ ಇಟ್ಟ. ಅಂಗೈಯಾಳ ಕೊರೆದರೂ ಗಟ್ಟಿ ಕಾಂಕ್ರೀಟ್. ಸುತ್ತಿಗೆ ಹೊಡೆದರೆ ಗಂಟೆಯಂತೆ ನಾದ. ಚೀಲಗಳನ್ನು ಅಂದು ಮಣ್ಣು ತುಂಬಿಸಿ ಹೊರಗಿನಿಂದ ಹಲಗೆಗೆ ಆನಿಸಿದ್ದನಂತೆ, ಮಾರನೆಯ ದಿನ ತಾನೇ ತೆಗೆದಿದ್ದನಂತೆ. ಯಾರೂ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಕೊರೆದದ್ದನ್ನು ನೀಟಾಗಿ ತುಂಬಿ ಎದ್ದ. ಮುಂದಿನ ವರ್ಷ ಬಟ್ಟೆ ಬದಲಾಯಿಸುವ ಕೋಣೆ ಕಟ್ಟಲು ನೀನೇ ಬರಬೇಕು ಎಂದು ಟೀಚರ್ ಕೇಳಿಕೊಂಡರು.

"ಬರಾಕಿಲ್ಲ ಟೀಚರೇ. ಈ ಜಾಗದಲ್ಲಿ ಇನ್ಮುಂದೆ ನನ್ ಕೈ ಮ್ಯಾಲೆ ನಂಗೇ ಅನ್ಮಾನ ಬತ್ತದೆ."

ಅವನು ಮತ್ತೆ ಬರಲಿಲ್ಲ. ಹನ್ನೊಂದು ಚಳಿಗಾಲ ಹುಡುಗಿಯರು ನನ್ನಲ್ಲಿ ಈಜು ಕಲಿತರು. ಆಮೇಲೆ ಟೀಚರ್ ಹಾಸಿಗೆ ಹಿಡಿದರು, ಹೋದರು. ಬಾಯ್ಲರ್ ತುಕ್ಕು ಹಿಡಿಯಿತು. ಜಾಗ ಯಾರೋ ಹೋಂಸ್ಟೇಯವರ ಕೈಸೇರಿತು. ಪಾಚಿಗಟ್ಟಿದ ನಾನು ಈಗ ಅವರಿಗೊಂದು ಪೀಡೆ. ನೀರು ಹೊರಬಿಡುವ ಪೈಪು ಕಟ್ಟಿಕೊಂಡಿದೆ, ಮಳೆನೀರು ತುಂಬಿ ಸೊಳ್ಳೆ ಏಳುತ್ತಿದೆ. ಹಳೇ ತೊಟ್ಟಿ, ತಾನಾಗಿಯೇ ಸೋರಿ ಬರಿದಾಗುತ್ತದೆ ಎಂದು ಹೊಸ ಯಜಮಾನರು ಮಳೆ ನಿಂತ ಮೇಲೆ ಒಂದು ತಿಂಗಳು ಕಾದರು. ಸೋರಲಿಲ್ಲ. ನಿನ್ನೆ ಯಂತ್ರ ತಂದು ಗೋಡೆಗೆ ತೂತು ಕೊರೆಯಲು ನೋಡಿದರು. ಯಂತ್ರದ ಎರಡು ಮೊನೆ ಮುರಿದವು. ಇದನ್ನು ಕಟ್ಟಿದ ಪುಣ್ಯಾತ್ಮ ಯಾರಪ್ಪಾ ಎಂದು ಅವರು ಬೆವರು ಒರೆಸಿಕೊಂಡು ಕೇಳಿದರು.

ಅಲ್ಲಿದ್ದ ಯಾರಿಗೂ ಹೆಸರು ಗೊತ್ತಿರಲಿಲ್ಲ. ಗೊತ್ತಿರುವುದು ನನಗೊಬ್ಬನಿಗೇ. ಅವನ ಪರವಾಗಿ ಒಬ್ಬರಾದರೂ ನಿಲ್ಲಬೇಕಾಗಿದ್ದ ದಿನಗಳಲ್ಲಿ ನಾನು ಚಳಿಗೆ ನಡುಗುತ್ತಾ ಅವನನ್ನೇ ಕಳ್ಳನೆಂದು ಎಣಿಸುತ್ತಿದ್ದೆ.