ಜಿಂಕೆ ಅಂದವರ ಕಥೆ

ಚನ್ನವೀರಪ್ಪ ಅಣ್ಣಾವರು ಕೆಟ್ಟವರೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಎರಡು ಸಾವಿರದ ಒಂದರ ಜನವರಿಯಲ್ಲಿ ಧಾರವಾಡದಿಂದ ಈ ಹಿಮದ ದೇಶಕ್ಕೆ ಬಂದಿಳಿದ ನನ್ನನ್ನೂ ನಮ್ಮವರನ್ನೂ ಏರ್‌ಪೋರ್ಟಿಗೇ ಬಂದು ಕರೆದೊಯ್ದವರು ಅವರು. ಎಟೋಬಿಕೋಕ್‌ನ ತಮ್ಮ ಮನೆಯ ಬೇಸ್‌ಮೆಂಟು ಕೊಟ್ಟರು. ತಾವು ಸೂಪರ್‌ವೈಸರ್ ಆಗಿದ್ದ ಫ್ಯಾಕ್ಟರಿಯಲ್ಲಿ ಇಬ್ಬರಿಗೂ ಕೆಲಸ ಕೊಡಿಸಿದರು. ಬೆಳಿಗ್ಗೆ ಅವರ ವ್ಯಾನಿನಲ್ಲಿ ಹೋಗಿ ಸಂಜೆ ಅವರ ವ್ಯಾನಿನಲ್ಲೇ ಬರುತ್ತಿದ್ದೆವು. ಅವರು ಮೇಲೆ ನಡೆದಾಡಿದರೆ ಸದ್ದು ನಮ್ಮ ನೆತ್ತಿಯ ಮೇಲೆ. ವರ್ಷ ಕಳೆಯುವುದರೊಳಗೆ ಹೆಜ್ಜೆ ಕೇಳಿಯೇ ಅಣ್ಣಾವರು ಸಿಟ್ಟಿನಲ್ಲಿದ್ದಾರೋ ಖುಷಿಯಲ್ಲಿದ್ದಾರೋ ಹೇಳಬಲ್ಲವಳಾಗಿದ್ದೆ.

ಫ್ಯಾಕ್ಟರಿಯಲ್ಲಿ ಲಾರಿ ಬ್ರೇಕಿಗೆ ಸೇರುವ ಉಕ್ಕಿನ ಬ್ರಾಕೆಟ್ ತಯಾರಾಗುತ್ತಿತ್ತು. ನಮ್ಮವರು, ಅಂದರೆ ನನ್ನ ಗಂಡ ಉದಯಕುಮಾರ, ಪ್ರೆಸ್ ಮಷೀನಿನ ಮೇಲೆ. ನಾನು ತಪಾಸಣೆಯ ಮೇಜಿನಲ್ಲಿ. ಒಂದೊಂದನ್ನೂ ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಸರಿಯಿದ್ದರೆ ಮೊಹರು ಒತ್ತಬೇಕು. ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಮೊಹರು. ನನ್ನದು ಹದಿನಾಲ್ಕು. ಚೀನೀಯರಿಗೆ ಅದು ಅಶುಭ ಎಂದು ಪಕ್ಕದಲ್ಲಿ ಕೂರುವ ಮಿಸೆಸ್ ಫಾಂಗ್ ಅದನ್ನು ಮುಟ್ಟದೆ ಇದ್ದದ್ದರಿಂದ ನನ್ನ ಪಾಲಿಗೆ ಬಂದಿತ್ತು. ಊರಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಈ ದೇಶದಲ್ಲಿ ನನ್ನ ಮಾತಿಗೆ ಏನಾದರೂ ತೂಕ ಇದ್ದರೆ ಅದು ಆ ಮೊಹರಿನಲ್ಲಿ ಮಾತ್ರ ಇತ್ತು.

ಮರುವರ್ಷ ಫೆಬ್ರುವರಿಯಲ್ಲಿ ಹೊಸ ಉಕ್ಕು ಬಂತು. ಅದರ ಬ್ರಾಕೆಟ್ಟುಗಳ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ನಾನು ತೆಗೆದು ರಿಜೆಕ್ಟಿನ ಕೆಂಪು ಡಬ್ಬಿಗೆ ಹಾಕಿದೆ. ಅಣ್ಣಾವರು ಅವನ್ನು ತಂದು ಮತ್ತೆ ನನ್ನ ಮುಂದೆ ಇಟ್ಟು, ಬರೀ ಸ್ಕ್ರ್ಯಾಚು, ಮೇಲಿನ ಗೀರು ಅಷ್ಟೆ, ಒತ್ತಿಬಿಡು ಎಂದರು. ಮತ್ತೆ ಡಬ್ಬಿಗೆ ಹಾಕಿದೆ. ಮೂರು ದಿನ ಇದೇ ಆಯಿತು. ಆ ಲಾರಿಗಳು ಇಳಿಜಾರಿನಲ್ಲಿ ಬರುವುದನ್ನು ನೆನೆದರೆ ನನ್ನ ಕೈ ಮೊಹರಿಗೆ ಹೋಗುತ್ತಿರಲಿಲ್ಲ.

ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ಮಿಸೆಸ್ ಫಾಂಗ್ ರಟ್ಟಿನ ತುಂಡಿನ ಮೇಲೆ ನಾಲ್ಕು ಚೀನೀ ಅಕ್ಷರ ಬರೆದು ತೋರಿಸಿದರು. ಹಾಂಗ್‌ಕಾಂಗಿನವರು, ಅರವತ್ತರ ಹತ್ತಿರದವರು, ಇಪ್ಪತ್ತು ವರ್ಷದಿಂದ ಅದೇ ಮೇಜು. ಎರಡನೆಯ ಅಕ್ಷರ ಜಿಂಕೆಯಂತೆ, ಕೊನೆಯದು ಕುದುರೆ. ಅದಕ್ಕೆ ಕೆಳಗೆ ನಾಲ್ಕು ಚುಕ್ಕೆಯ ಕಾಲೂ ಇತ್ತು. ಅವರ ಹರಕು ಇಂಗ್ಲಿಷನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಥಮಾಡಿಕೊಂಡದ್ದು ಇಷ್ಟು: ಒಬ್ಬ ಮಂತ್ರಿ ತುಂಬಿದ ಸಭೆಗೆ ಜಿಂಕೆ ಹಿಡಿದು ತಂದು, ರಾಜನಿಗೆ ಒಳ್ಳೆ ಕುದುರೆ ತಂದಿದ್ದೇನೆ ಎಂದ. ರಾಜ ನಕ್ಕು, ಇದು ಜಿಂಕೆಯಲ್ಲವೇ ಎಂದ. ಸಭೆಯನ್ನೇ ಕೇಳಿ ಎಂದ ಮಂತ್ರಿ. ಕೆಲವರು ಕುದುರೆ ಎಂದರು. ಕೆಲವರು ನೆಲ ನೋಡಿದರು. ಕೆಲವರು ಜಿಂಕೆ ಎಂದರು. ಅಷ್ಟರಲ್ಲಿ ಬಿಡುವು ಮುಗಿಯಿತು.

ಮುಂದೇನಾಯಿತು ಎಂದು ನಾನು ಕೇಳಲೇ ಇಲ್ಲ. ಕೇಳುವುದೇನು ಬಂತು? ನಮ್ಮ ಕಡೆ ಅಜ್ಜಿಯರ ಕಥೆ ಕೇಳಿ ಬೆಳೆದವಳು ನಾನು. ರಾಜ ನಿಜ ಹೇಳಿದವರಿಗೆ ಬಹುಮಾನ ಕೊಟ್ಟು, ಮಂತ್ರಿಯನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿರುತ್ತಾನೆ. ಈ ಮುದುಕಿ ನನಗೆ ಧೈರ್ಯ ತುಂಬುತ್ತಿದ್ದಾಳೆ ಎಂದುಕೊಂಡು ಎದೆ ಉಬ್ಬಿತು.

ಅದೇ ಮಧ್ಯಾಹ್ನ ಅಣ್ಣಾವರು ಪ್ರೆಸ್ಸಿನವರನ್ನೂ ತಪಾಸಣೆಯವರನ್ನೂ ಸಾಲಾಗಿ ನಿಲ್ಲಿಸಿ, ಒಂದು ಬ್ರಾಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದರು. ಇದೇನು ಹೇಳಿ ಎಂದರು. ಮೊದಲ ನಾಲ್ವರು ಸ್ಕ್ರ್ಯಾಚು ಎಂದರು. ಮಿಸೆಸ್ ಫಾಂಗ್ ಭೂತಗನ್ನಡಿ ಕೂಡ ಹಿಡಿಯದೆ ಸ್ಕ್ರ್ಯಾಚು ಎಂದರು. ನನಗೆ ಒಂದು ಕ್ಷಣ ಕಿವಿಯನ್ನೇ ನಂಬಲಾಗಲಿಲ್ಲ. ನನ್ನ ಸರದಿ ಬಂತು.

"ಇದು ಕ್ರ್ಯಾಕ್ ಐತ್ರೀ ಅಣ್ಣಾರ" ಎಂದೆ. "ನನ್ನ ಮೊಹರ ಇದರ ಮ್ಯಾಲೆ ಬೀಳಂಗಿಲ್ಲ."

ಅಣ್ಣಾವರು ಸಿಟ್ಟಾಗಲಿಲ್ಲ. ತಲೆಯಾಡಿಸಿ, ನನ್ನ ಕೈಯಿಂದ ಬ್ರಾಕೆಟ್ ತೆಗೆದು ಪಕ್ಕದಲ್ಲಿದ್ದ ನಮ್ಮವರಿಗೆ ಕೊಟ್ಟರು. ನಮ್ಮವರು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಸ್ಕ್ರ್ಯಾಚು ಎಂದರು.

ಸಂಜೆ ಅದೇ ವ್ಯಾನಿನಲ್ಲಿ ಮೂವರೂ ಮನೆಗೆ ಬಂದೆವು. ಅಣ್ಣಾವರು ದಾರಿಯುದ್ದಕ್ಕೂ ಹಿಮದ ಬಗ್ಗೆ ಮಾತಾಡಿದರು. ಕೆಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಮ್ಮವರು ಕೋಟು ಬಿಚ್ಚದೆ ಮಂಚದ ಮೇಲೆ ಕೂತರು.

"ಇಬ್ರೂ ಕ್ರ್ಯಾಕ್ ಅಂದಿದ್ರ ಎಲ್ಲಿಗೆ ಹೋಗೂಣು ನೀಲಾ?" ಎಂದರು.

ಮೇಲೆ ಹೆಜ್ಜೆ ಸದ್ದು ಇತ್ತು, ಆದ್ದರಿಂದ ಮೆಲ್ಲಗೆ ಎಂದರು. ನಮ್ಮ ಜಗಳವೂ ಅಣ್ಣಾವರ ಅಪ್ಪಣೆಯಲ್ಲೇ ನಡೆಯಬೇಕಲ್ಲ ಎಂದು ನನಗೆ ಅಳುವಷ್ಟು ಸಿಟ್ಟು ಬಂತು.

ಮರುದಿನ ನನ್ನ ಮೊಹರು ಮೇಜಿನ ಮೇಲಿರಲಿಲ್ಲ. ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದರು. ಬಿಡುವಿನಲ್ಲಿ ಮಿಸೆಸ್ ಫಾಂಗ್ ಎದುರು ಹೋಗಿ ನಿಂತು, ಜಿಂಕೆ ಅಂದವರಿಗೆ ಕೊನೆಗೆ ಏನಾಯಿತು ಎಂದು ಕೇಳಿದೆ. ಅವರು ಕತ್ತಿನ ಮೇಲೆ ಬೆರಳೆಳೆದು ತೋರಿಸಿದರು. ಮಂತ್ರಿ ಜಿಂಕೆ ತಂದದ್ದೇ ಯಾರು ಜಿಂಕೆ ಅನ್ನುತ್ತಾರೆ ನೋಡಿಕೊಳ್ಳಲು. ಇದು ಚೀನಾದ ಮಕ್ಕಳಿಗೂ ಗೊತ್ತು, ನಿನಗೂ ಗೊತ್ತಾಗಲಿ ಎಂದೇ ಹೇಳಿದೆ, ನೀನು ಕುದುರೆ ಅನ್ನಬೇಕು ಎಂದೇ ಹೇಳಿದೆ ಎನ್ನುತ್ತ ಆ ಮುದುಕಿ ಕಣ್ಣೊರೆಸಿಕೊಂಡರು. ಅವರನ್ನು ಬೈಯಲು ಬಂದವಳು ಅವರ ಪಕ್ಕದಲ್ಲೇ ಕೂತೆ.

ಭಾನುವಾರ ಬೆಳಿಗ್ಗೆ ಅಣ್ಣಾವರು ಹೋಳಿಗೆಯ ತಟ್ಟೆ ಹಿಡಿದು ಕೆಳಗಿಳಿದು ಬಂದರು. ಜೊತೆಗೆ ಒಂದು ಹಾಳೆ. ಕಣ್ಣಿನ ತೊಂದರೆಯಿಂದ ಸ್ಕ್ರ್ಯಾಚನ್ನು ಕ್ರ್ಯಾಕೆಂದು ತಿಳಿದೆ ಎಂದು ನನ್ನ ಹೆಸರಿನಲ್ಲಿ ಟೈಪಾಗಿತ್ತು.

"ನೀ ಸುಳ್ಳ ಹೇಳಿದಿ ಅಂತ ನಾ ಎಂದೂ ಅನ್ನಂಗಿಲ್ಲ ತಂಗಿ" ಎಂದರು. "ಕಣ್ಣ ಯಾರಿಗಾದ್ರೂ ಕೈ ಕೊಡ್ತಾವ. ಒಂದ್ ಚಷ್ಮಾ ಮಾಡಿಸ್ಕೊಂಡ್ರ ಮುಗೀತು."

ಮಾರ್ಚಿನಲ್ಲಿ ತಮ್ಮ ಸ್ವಂತ ತಂಗಿಯ ಮಗ ಬರುವವನಿದ್ದಾನೆ, ಬೇಸ್‌ಮೆಂಟು ಬೇಕಾದರೂ ಬೇಕಾಗಬಹುದು ಎಂದೂ ಅದೇ ದನಿಯಲ್ಲಿ ಹೇಳಿದರು. ಹೊರಗೆ ಮೈನಸ್ ಹದಿನೆಂಟು. ನಮ್ಮವರು ಪೆನ್ನನ್ನು ನನ್ನ ಕಡೆ ಸರಿಸಿದರು. ನಾನು ಸಹಿ ಹಾಕಿದೆ. ನನ್ನ ಹೆಸರು ನೋಡಿ ನನಗೇ ಅಸಹ್ಯವಾಯಿತು.

ಅಣ್ಣಾವರು ಹಾಳೆ ಮಡಚಿ ಎದ್ದರು. ಒಲೆಯ ಮೇಲಿನ ಗೋಡೆಯಲ್ಲಿ ಮಿಸೆಸ್ ಫಾಂಗ್ ತಮ್ಮ ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರ್ ಇತ್ತು. ಆ ಸಲ ಚೀನೀ ಪಂಚಾಂಗದಲ್ಲಿ ಕುದುರೆಯ ವರ್ಷ. ಅಣ್ಣಾವರು ಅದರ ಮುಂದೆ ನಿಂತು, ನಗುತ್ತ ಕಣ್ಣಿನ ಡಾಕ್ಟರ ಹಾಗೆ ಚಿತ್ರಕ್ಕೆ ಬೆರಳು ಮಾಡಿದರು.

"ಈಗ ಹೇಳವಾ ನೋಡೂಣು. ಇದೇನ ಕಾಣಸ್ತತಿ?"

ಕೆಂಪು ಕುದುರೆ, ನಾಲ್ಕೂ ಕಾಲು ನೆಲ ಬಿಟ್ಟು ಓಡುತ್ತಿತ್ತು.

"ಕುದುರಿ ಐತ್ರಿ" ಎಂದೆ.

ಅಣ್ಣಾವರು ಭಾಪರೆ ಎಂದು ನಕ್ಕು, ಜೇಬಿನಿಂದ ಹದಿನಾಲ್ಕನೇ ನಂಬರಿನ ಮೊಹರು ತೆಗೆದು ಹೋಳಿಗೆಯ ಪಕ್ಕದಲ್ಲಿ ಇಟ್ಟರು. ನಮ್ಮ ಕಡೆಯ ಕಥೆಗಳಲ್ಲಿ ಆಗುವ ಹಾಗೆಯೇ, ನಿಜ ಹೇಳಿದ್ದಕ್ಕೆ ನನಗೆ ಬಹುಮಾನ ಸಿಕ್ಕಿತ್ತು.